ತಾತನ ಪಟ್ಟಿಯ ಮಾತ್ರೆ ನಮ್ಮ ಚಿಂಟುಗೂ ಕೊಡಬಹುದಾ?

ಪ್ರಶ್ನೆ (ಬಳ್ಳಾರಿ): ನಮಸ್ಕಾರ ಮೇಡಂ. ನಮ್ಮ ಚಿಂಟು ಪೊಮೇರಿಯನ್, 10 ವರ್ಷ, 7 ಕೆಜಿ. ಎರಡು ತಿಂಗಳಿಂದ ರಾತ್ರಿ ಹೊತ್ತು ಕುತ್ತಿಗೆ ಚಾಚಿ ಕೆಮ್ಮುತ್ತಾನೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಎಕ್ಸ್-ರೇ ನೋಡಿದ ಡಾಕ್ಟ್ರು ಹೃದಯದ ಕವಾಟ ಸೋರುತ್ತಿದೆ, ಶ್ವಾಸಕೋಶದಲ್ಲಿ ನೀರು ನಿಂತಿದೆ ಅಂದರು. ಪಿಮೋಬೆಂಡಾನ್, ಎನಾಲಾಪ್ರಿಲ್, ಲ್ಯಾಸಿಕ್ಸ್ ಬರೆದಿದ್ದಾರೆ. ನಮ್ಮ ತಾತನಿಗೂ ಬಿಪಿಗೆ ಎನಾಲಾಪ್ರಿಲ್, ಕಾಲು ಬಾವಿಗೆ ಲ್ಯಾಸಿಕ್ಸ್ ಇದೆ. ಅದೇ ಪಟ್ಟಿಯಿಂದ ಮುರಿದು ಕೊಡಬಹುದಾ? ಇನ್ನೊಂದು ವಿಷಯ. ಲ್ಯಾಸಿಕ್ಸ್ ಶುರುವಾದ ಮೇಲೆ ಮನೆ ತುಂಬಾ ಉಚ್ಚೆ. ಅಮ್ಮ ಸಂಜೆ ಆರರ ಮೇಲೆ ನೀರಿನ ಬಟ್ಟಲು ಎತ್ತಿಡುತ್ತಿದ್ದಾರೆ. ಸರಿನಾ?

ಉತ್ತರ (ಪಶುವೈದ್ಯೆ, ಕೊಪ್ಪಳ): ಮೊದಲು ಆ ಬಟ್ಟಲು ವಾಪಸ್ ಇಡಿ, ಈಗಲೇ. ಲ್ಯಾಸಿಕ್ಸ್ ಕೆಲಸ ಮಾಡುವುದೇ ಹಾಗೆ. ಮೈಯಲ್ಲಿ ನಿಂತ ಹೆಚ್ಚಿನ ನೀರನ್ನು ಉಪ್ಪಿನ ಜೊತೆ ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಅದಕ್ಕೇ ಬಾಯಾರಿಕೆ ಜಾಸ್ತಿ. ಬಳ್ಳಾರಿ ಬಿಸಿಲಲ್ಲಿ ನೀರೂ ಕೊಡದೆ ಈ ಮಾತ್ರೆ ಕೊಟ್ಟರೆ ಪೆಟ್ಟು ಬೀಳುವುದು ಕಿಡ್ನಿಗೆ. ಜೊತೆಗೆ ಎನಾಲಾಪ್ರಿಲ್ ಬೇರೆ ಇದೆ, ಮೈಯಲ್ಲಿ ನೀರು ಕಡಿಮೆಯಾದಾಗ ಅದೂ ಕಿಡ್ನಿಗೆ ಭಾರ. ಅಮ್ಮನ ಕಷ್ಟ ನನಗೆ ಅರ್ಥವಾಗುತ್ತದೆ. ಮಾತ್ರೆ ಕೊಟ್ಟ ಮೇಲೆ ಎರಡು ಮೂರು ಗಂಟೆ ಅಂಗಳದಲ್ಲೇ ಬಿಡಿ, ಉಚ್ಚೆ ಹೆಚ್ಚಾಗಿ ಆಗುವುದು ಆಗಲೇ. ಸಂಜೆಯ ಮಾತ್ರೆಯನ್ನು ಮಲಗುವ ಹೊತ್ತಿಗೆ ಕೊಡದೆ, ನಿಮ್ಮ ಡಾಕ್ಟರನ್ನು ಕೇಳಿ ಸ್ವಲ್ಪ ಮುಂಚೆ ಕೊಡಿ.

ಇನ್ನು ತಾತನ ಪಟ್ಟಿ. ಮನುಷ್ಯರ ಎನಾಲಾಪ್ರಿಲ್, ಲ್ಯಾಸಿಕ್ಸ್ ನಾವೂ ನಾಯಿಗಳಿಗೆ ಬರೆಯುತ್ತೇವೆ, ಔಷಧ ಒಂದೇ. ಬೇರೆಯಾಗುವುದು ಪ್ರಮಾಣ. ಅದನ್ನು ತೂಕ ನೋಡಿ, ರೋಗ ಎಷ್ಟು ಮುಂದುವರಿದಿದೆ ನೋಡಿ ಲೆಕ್ಕ ಹಾಕುತ್ತೇವೆ. ತಾತನ ಡಬ್ಬಿಯಲ್ಲಿ ನನಗೆ ಭಯ ಇರುವುದು ಹೆಸರುಗಳ ಬಗ್ಗೆ. ಲ್ಯಾಸಿಕ್ಸ್ ಬೇರೆ, ಲ್ಯಾಸಿಲ್ಯಾಕ್ಟೋನ್ ಬೇರೆ. ಎರಡನೆಯದರಲ್ಲಿ ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಔಷಧವೂ ಸೇರಿದೆ. ಎನಾಲಾಪ್ರಿಲ್ ಜೊತೆ ಅದನ್ನು ಲೆಕ್ಕವಿಲ್ಲದೆ ಕೊಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಆದ್ದರಿಂದ ಚಿಂಟುವಿನ ಮಾತ್ರೆಗೆ ಬೇರೆ ಡಬ್ಬಿ ಇಡಿ, ಚೀಟಿ ಅಂಟಿಸಿ. ತಾತನ ಮಂಡಿನೋವಿನ ಮಾತ್ರೆಯನ್ನಂತೂ ಮುಟ್ಟಬೇಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ.

ಪಿಮೋಬೆಂಡಾನ್ ಹೃದಯದ ಸ್ನಾಯು ಹಿಂಡುವ ಬಲ ಹೆಚ್ಚಿಸುತ್ತದೆ, ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ದಿನಕ್ಕೆ ಎರಡು ಬಾರಿ, ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ಕೊಡಿ. ಅನ್ನದ ಉಂಡೆಯಲ್ಲಿ ಮುಚ್ಚಿ ಕೊಟ್ಟರೆ ಮೈಗೆ ಹತ್ತುವುದು ಕಡಿಮೆ.

ಪ್ರಶ್ನೆ (ಬಳ್ಳಾರಿ): ಬಟ್ಟಲು ಇಟ್ಟೆವು ಮೇಡಂ. ಒಂದು ವಾರದಿಂದ ಚೆನ್ನಾಗಿ ಓಡಾಡುತ್ತಿದ್ದಾನೆ. ಆದರೆ ಕೆಮ್ಮು ಪೂರ್ತಿ ಹೋಗಿಲ್ಲ. ಲ್ಯಾಸಿಕ್ಸ್ ಜಾಸ್ತಿ ಮಾಡಬೇಕಾ? ಇಲ್ಲ, ಹುಷಾರಾದ ಮೇಲೆ ನಿಲ್ಲಿಸಬಹುದಾ?

ಉತ್ತರ: ಎರಡೂ ಬೇಡ. ಈ ಮಾತ್ರೆಗಳು ಕವಾಟವನ್ನು ರಿಪೇರಿ ಮಾಡುವುದಿಲ್ಲ, ಸೋರುವ ಕವಾಟದ ಜೊತೆ ಅವನು ಆರಾಮಾಗಿ ಬದುಕಲು ನೆರವಾಗುತ್ತವೆ. ಸಿರುಗುಪ್ಪ ಕಡೆಯವರೊಬ್ಬರು ಮನೆಯಲ್ಲಿ ಮದುವೆ ಅಂತ ನಾಲ್ಕು ದಿನ ಮಾತ್ರೆ ಬಿಟ್ಟಿದ್ದರು. ಐದನೇ ದಿನ ನಾಯಿಯನ್ನು ಎತ್ತಿಕೊಂಡು ಬಂದಾಗ ನಾಲಿಗೆ ನೀಲಿಗಟ್ಟಿತ್ತು. ಆಕ್ಸಿಜನ್ ಕೊಟ್ಟು, ಲ್ಯಾಸಿಕ್ಸ್ ಇಂಜೆಕ್ಷನ್ ಹಾಕಿ ಇಡೀ ರಾತ್ರಿ ಕೂತೆವು. ಉಳಿಯಿತು. ಆ ರಾತ್ರಿ ನನಗೆ ಇನ್ನೂ ಮರೆತಿಲ್ಲ.

ಕೆಮ್ಮನ್ನೇ ನಂಬಬೇಡಿ. ದೊಡ್ಡದಾದ ಹೃದಯ ಶ್ವಾಸನಾಳವನ್ನು ಒತ್ತಿದರೂ ಕೆಮ್ಮು ಬರುತ್ತದೆ. ಪೊಮೇರಿಯನ್‌ಗಳಲ್ಲಿ ಶ್ವಾಸನಾಳವೇ ಸಡಿಲವಾಗಿ ಕುಸಿಯುವುದೂ ಉಂಟು. ಅದಕ್ಕೆ ಲ್ಯಾಸಿಕ್ಸ್ ಏನೂ ಮಾಡದು. ನೀವು ನೋಡಬೇಕಾದದ್ದು ನಿದ್ದೆಯಲ್ಲಿನ ಉಸಿರು. ಗಾಢ ನಿದ್ದೆಯಲ್ಲಿರುವಾಗ ಪಕ್ಕದಲ್ಲಿ ಕೂತು ಪಕ್ಕೆ ನೋಡಿ. ಏರಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಿರಿ. ನಿಮಿಷಕ್ಕೆ 30ರ ಒಳಗಿದ್ದರೆ ನೆಮ್ಮದಿ. ಮತ್ತೆ ಮತ್ತೆ ಎಣಿಸಿದರೂ 30 ದಾಟಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 40 ದಾಟಿ ಪಕ್ಕೆ ಎಳೆಯುತ್ತಿದ್ದರೆ ಫೋನ್ ಮಾಡುತ್ತಾ ಕೂರಬೇಡಿ, ಹೊರಡಿ. ಮಾತ್ರೆ ಶುರುವಾಗಿ ಒಂದೆರಡು ವಾರಕ್ಕೆ ಕಿಡ್ನಿ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ. ಮತ್ತೆ, ಸಂಜೆ ಒಗ್ಗರಣೆ ಮಿರ್ಚಿ ತಿನ್ನುವಾಗ ಅವನಿಗೂ ಒಂದು ತುತ್ತು ಹಾಕುವುದು ನಿಲ್ಲಬೇಕು. ಉಪ್ಪು ನೀರನ್ನು ಹಿಡಿದಿಡುತ್ತದೆ.

ಪ್ರಶ್ನೆ (ರಾಯಚೂರು): ನಮ್ಮ ನಾಯಿಗೆ ಕೆಮ್ಮಿಲ್ಲ, ಏನೂ ಇಲ್ಲ. ಲಸಿಕೆಗೆ ಹೋದಾಗ ಎದೆಯಲ್ಲಿ ಶಬ್ದ ಇದೆ ಅಂದರು. ಈಗಲೇ ಪಿಮೋಬೆಂಡಾನ್ ಶುರು ಮಾಡಲಾ?

ಉತ್ತರ: ಶಬ್ದ ಒಂದನ್ನೇ ಕೇಳಿ ಶುರು ಮಾಡುವುದಿಲ್ಲ. ಎಕ್ಸ್-ರೇ, ಸಾಧ್ಯವಾದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಕವಾಟ ಸೋರಿ ಹೃದಯ ದೊಡ್ಡದಾಗಿದ್ದರೆ ಮಾತ್ರ ಈ ಹಂತದಲ್ಲಿ ಅದರಿಂದ ಲಾಭ. 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನ ಅಂಥ 360 ನಾಯಿಗಳ ಮೇಲೆ ನಡೆದಿತ್ತು. ಮಾತ್ರೆ ಪಡೆದವುಗಳಿಗೆ ಹೃದಯ ಸೋಲುವ ಹಂತ ಸುಮಾರು 15 ತಿಂಗಳು ತಡವಾಗಿ ಬಂತು. ನಾಯಿಯ ಆಯಸ್ಸಿನಲ್ಲಿ 15 ತಿಂಗಳು ಸಣ್ಣದಲ್ಲ. ಹೃದಯದ ಗಾತ್ರ ಸರಿಯಿದ್ದರೆ ಸುಮ್ನೆ ಮಾತ್ರೆ ಬೇಡ, ಆಗಾಗ ತೋರಿಸುತ್ತಿರಿ.

ಪ್ರಶ್ನೆ (ಗಂಗಾವತಿ): ಅಕ್ಕಾರ, ನಮ್ಮ ಎಮ್ಮೆಗೆ ಎದೆ ಮುಂದೆ ಬಾವು. ಮೇವು ಬಿಟ್ಟಿದೆ, ಇಳಿಜಾರಲ್ಲಿ ಹೆಜ್ಜೆ ಇಡಲು ಹಿಂಜರಿಯುತ್ತದೆ. ಲ್ಯಾಸಿಕ್ಸ್ ಇಂಜೆಕ್ಷನ್ ಹಾಕಿಸಿದರೆ ಎರಡು ದಿನ ಇಳಿಯುತ್ತದೆ, ಮತ್ತೆ ಬರುತ್ತದೆ.

ಉತ್ತರ: ಅಣ್ಣಾರ, ಕುತ್ತಿಗೆಯ ರಕ್ತನಾಳ ಹಗ್ಗದ ಹಾಗೆ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ನನ್ನ ಮೊದಲ ಅನುಮಾನ ತಂತಿ. ಮೇವಿನ ಜೊತೆ ನುಂಗಿದ ತಂತಿ ಅಥವಾ ಮೊಳೆ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ ವಪೆ, ಅಂದರೆ ಹೊಟ್ಟೆ ಮತ್ತು ಎದೆಯ ನಡುವಿನ ಪರದೆ, ಅದರಾಚೆ ಹೃದಯ. ಚುಚ್ಚಿಕೊಂಡು ಹೋಗಿ ಹೃದಯದ ಸುತ್ತ ಕೀವು ಕಟ್ಟಿಸುತ್ತದೆ. ಆಗ ಲ್ಯಾಸಿಕ್ಸ್ ಬಾವನ್ನಷ್ಟೇ ಇಳಿಸುತ್ತದೆ, ತಂತಿ ಅಲ್ಲೇ ಇರುತ್ತದೆ. ನಾಯಿಗೆ ಕೊಡುವ ಹೃದಯದ ಮಾತ್ರೆ ಡಿಗಾಕ್ಸಿನ್ ಕೂಡ ಎಮ್ಮೆಗೆ ಪ್ರಯೋಜನವಿಲ್ಲ, ಮೊದಲ ಹೊಟ್ಟೆಯಲ್ಲೇ ಒಡೆದುಹೋಗುತ್ತದೆ. ಕೀವು ತುಂಬಿದ್ದರೆ ಉಳಿಯುವುದು ಕಷ್ಟ. ಇದನ್ನು ಹೇಳಲು ನನಗೂ ಬೇಜಾರು, ಆದರೆ ಸುಮ್ಮನೆ ಇಂಜೆಕ್ಷನ್‌ಗೆ ದುಡ್ಡು ಹಾಕಿಸಲು ಮನಸ್ಸಿಲ್ಲ.

ರಕ್ತನಾಳ ಉಬ್ಬಿಲ್ಲ, ಗದ್ದದ ಕೆಳಗೂ ಬಾವಿದೆ, ತೆಳ್ಳಗೆ ಬೇಧಿಯಾಗುತ್ತಿದೆ ಅಂದರೆ ಅದು ಜಂತುವಿನ ಕಾಟವೂ ಇರಬಹುದು. ಕಾಲುವೆ ನೀರಿನ ಕಡೆ ಯಕೃತ್ತಿನ ಹುಳ ಇರುತ್ತದೆ, ಅದಕ್ಕೆ ಮದ್ದಿದೆ. ಹಾಗಾಗಿ ನಾಳೆ ಬೆಳಿಗ್ಗೆಯೇ ಡಾಕ್ಟರನ್ನು ಕೊಟ್ಟಿಗೆಗೆ ಕರೆಸಿ, ಸಗಣಿಯನ್ನೂ ಪರೀಕ್ಷೆಗೆ ಕಳಿಸಿ. ಇಂಜೆಕ್ಷನ್ ಕೊಟ್ಟ ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು ಅಂತಲೂ ಅವರನ್ನೇ ಕೇಳಿ. ಉಳಿದ ದನಗಳ ಮೇವಿನಲ್ಲಿ ಬೈಂಡಿಂಗ್ ತಂತಿಯ ತುಂಡು ಇದೆಯಾ ಅಂತ ಒಂದು ಅಯಸ್ಕಾಂತ ಆಡಿಸಿ ನೋಡಿ.

ಪ್ರಶ್ನೆ (ಗಂಗಾವತಿ): ರಕ್ತನಾಳ ಉಬ್ಬಿದೆ ಅಕ್ಕಾರ. ಹೋದ ತಿಂಗಳು ಕೊಟ್ಟಿಗೆಗೆ ಸ್ಲ್ಯಾಬ್ ಹಾಕಿಸಿದ್ವಿ. ತಂತಿ ಅಲ್ಲೇ ಬಿದ್ದಿತ್ತು.

ಉತ್ತರ: ಹಾಗಾದರೆ ಬೆಳಿಗ್ಗೆವರೆಗೆ ಕಾಯಬೇಡಿ, ಈಗಲೇ ಡಾಕ್ಟರಿಗೆ ಹೇಳಿ. ಅವರು ಬರುವವರೆಗೆ ಎಮ್ಮೆಯನ್ನು ಓಡಾಡಿಸಬೇಡಿ, ಮುಂಗಾಲು ಎತ್ತರದಲ್ಲಿ ಇರುವ ಹಾಗೆ ನಿಲ್ಲಿಸಿ. ಉಳಿದ ದನಗಳನ್ನು ಆ ಜಾಗದಿಂದ ಬಿಚ್ಚಿ ಬೇರೆ ಕಡೆ ಕಟ್ಟಿ.