ಹ್ಯೂಮಿಡಿಫೈಯರ್ ಇಟ್ಟ ಕೋಣೆಯಲ್ಲಿ ಮುಗ್ಗಲು ವಾಸನೆ: ದೋಷ ಯಂತ್ರದ್ದೋ, ಕೋಣೆಯದ್ದೋ?

ಪ್ರಶ್ನೆ (ಚಿತ್ರದುರ್ಗ)

ನಮಸ್ಕಾರ. ಮಾಗಿಯ ಒಣಗಾಳಿಗೆ ಗಂಟಲು ಒಣಗಿ ನಮ್ಮ ತಾಯಿಯವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲವಾದ್ದರಿಂದ, ಅವರ ಕೋಣೆಗೆ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ (ಕಂಪನದಿಂದ ನೀರನ್ನು ಮಂಜಾಗಿಸಿ ಗಾಳಿಗೆ ತೇವ ಸೇರಿಸುವ ಯಂತ್ರ) ತಂದೆವು. ಗಂಟಲಿನ ತೊಂದರೆ ಕಡಿಮೆಯಾಗಿದೆ. ಆದರೆ ಬೆಳಿಗ್ಗೆ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬರುತ್ತದೆ, ಮಂಚದ ಹಿಂದಿನ ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳೆದ್ದಿವೆ, ಬೀರುವಿನೊಳಗಿದ್ದ ಚರ್ಮದ ಚಪ್ಪಲಿಗೆ ಬಿಳಿ ಬೂಷ್ಟು ಹಿಡಿದಿದೆ. ಬೋರ್‌ವೆಲ್ ನೀರನ್ನು ಕಾಯಿಸಿ ಆರಿಸಿ ತುಂಬುತ್ತೇವೆ. ಯಂತ್ರವನ್ನು ಬಿಡದೆ ಇದನ್ನು ತಡೆಯುವ ಬಗೆ ತಿಳಿಸಬೇಕಾಗಿ ವಿನಂತಿ.

ಉತ್ತರ 1 (ದಾವಣಗೆರೆ)

ವಾಸನೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಯಂತ್ರ ಆರಿಸಿ, ತೊಟ್ಟಿಯ ಒಳಗೋಡೆಯ ಮೇಲೆ ಬೆರಳಾಡಿಸಿ. ಲೋಳೆಯಂತೆ ಜಾರಿದರೆ, ನಿಂತ ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳನ್ನೇ ಅದು ಮಂಜಿನ ಜೊತೆ ಕೋಣೆಗೆ ಹರಡುತ್ತಿದೆ ಎಂದರ್ಥ. ಪ್ರತಿದಿನ ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ, ತೊಟ್ಟಿಯನ್ನು ಒರೆಸಿ, ಮುಚ್ಚಳ ತೆರೆದಿಟ್ಟು ಒಣಗಿಸಬೇಕು. ಹಳೆಯ ನೀರಿನ ಮೇಲೆ ಹೊಸದನ್ನು ಸುರಿಯಬಾರದು. ಮೂರು ದಿನಕ್ಕೊಮ್ಮೆ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟು, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಮಾತ್ರ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಆದರೆ ಚಪ್ಪಲಿಗೂ ಬೂಷ್ಟು ಹಿಡಿದಿದೆ ಎಂದರೆ ಕೋಣೆಯಲ್ಲೇ ತೇವ ಹೆಚ್ಚಾಗಿದೆ. ಗಾಳಿಯ ತೇವ (ಆರ್ದ್ರತೆ) ಅಳೆಯುವ ಒಂದು ಹೈಗ್ರೋಮೀಟರ್ ತಂದಿಡಿ. ಆರ್ದ್ರತೆ ಶೇ. 30ರಿಂದ 50ರೊಳಗಿದ್ದರೆ ಸಾಕು, ಶೇ. 60 ದಾಟಿದರೆ ಬೂಷ್ಟಿಗೆ ಹದವಾಗುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಯಂತ್ರ ಇಡೀ ರಾತ್ರಿ ಓಡಿದರೆ ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಡ. ಮಂಜು ಗೋಡೆಗೂ ಹಾಸಿಗೆಗೂ ನೇರವಾಗಿ ತಾಗದಂತೆ ಯಂತ್ರವನ್ನು ಎತ್ತರದ ಮೇಜಿನ ಮೇಲೆ, ಗೋಡೆಯಿಂದ ದೂರವಿಡಿ. ಮಂಚವನ್ನೂ ಬೀರುವನ್ನೂ ಗೋಡೆಯಿಂದ ಸ್ವಲ್ಪ ಸರಿಸಿದರೆ ಹಿಂದೆ ಗಾಳಿಯಾಡುತ್ತದೆ.

ಉತ್ತರ 2 (ಚಿತ್ರದುರ್ಗ)

ನೀರಿನ ವಿಷಯ ಒಂದು ಮಾತು. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ನಮ್ಮ ಬೋರ್‌ವೆಲ್ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಲವಣ, ಪೂರ್ತಿ ಹೋಗುವುದಿಲ್ಲ. ಅಲ್ಟ್ರಾಸಾನಿಕ್ ಯಂತ್ರ ಆ ಲವಣಗಳನ್ನೂ ಮಂಜಿನಲ್ಲೇ ಎಸೆಯುವುದರಿಂದ ಟಿವಿ, ಕಪಾಟುಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ತೊಟ್ಟಿಯ ತಳದಲ್ಲಿ ಕಟ್ಟುವ ಗಟ್ಟಿ ಪೊರೆಯ ಸಂದುಗಳಲ್ಲಿ ಲೋಳೆ ಬೇರೂರುತ್ತದೆ. ಡಿಸ್ಟಿಲ್ಡ್ ನೀರು (ಆವಿಯಾಗಿಸಿ ತಣಿಸಿ ಲವಣ ತೆಗೆದ ನೀರು) ಉತ್ತಮ, ಇಲ್ಲವಾದರೆ ಶುದ್ಧ ನೀರಿನ ಘಟಕದ ಆರ್‌ಓ ನೀರಾದರೂ ಸರಿ. ಆದರೆ ಆರ್‌ಓ ನೀರೆಂದು ದಿನದ ಶುಚಿ ತಪ್ಪಿಸುವಂತಿಲ್ಲ.

ಉತ್ತರ 3 (ಹರಿಹರ)

ಇಷ್ಟೆಲ್ಲ ಏಕೆ? ಕಿಟಕಿಗೆ ಒದ್ದೆ ಟವೆಲ್ ಹಾಕಿದರೆ ಸಾಲದೇ?

ಉತ್ತರ 1ರವರ ಮರುನುಡಿ

ಸಾಲಬಹುದು ಸರ್, ಆದರೆ ಮುಚ್ಚಿದ ಕೋಣೆಯಲ್ಲಿ ಅದೂ ತೇವವನ್ನೇ ಸೇರಿಸುತ್ತದೆ. ಸರಿಯಾಗಿ ಒಣಗದ ಟವೆಲ್ಲಿಗೂ ಅದೇ ಮುಗ್ಗಲು ವಾಸನೆ. ಯಾವುದನ್ನೇ ಬಳಸಿದರೂ ಅಳತೆ ನೋಡದೆ ಬಳಸಬಾರದು ಎಂಬುದಷ್ಟೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ತೊಟ್ಟಿಯಲ್ಲಿ ಲೋಳೆ ಇದ್ದದ್ದು ನಿಜ. ಗೋಡೆಯ ಚುಕ್ಕೆಗಳ ಮೇಲೆ ಪೇಂಟ್ ಹೊಡೆಸಬಹುದೇ? ಆ ಗೋಡೆಯ ಆಚೆಗೆ ಬಚ್ಚಲುಮನೆ ಇದೆ.

ಉತ್ತರ 2ರವರ ಮರುನುಡಿ

ಈಗಲೇ ಬೇಡ. ಬೂಷ್ಟಿನ ಮೇಲೆ ಬಳಿದ ಪೇಂಟ್ ಬೇಗ ಸುಲಿದು ಬರುತ್ತದೆ. ಮಾಸ್ಕ್, ಕೈಗವಸು ಹಾಕಿಕೊಂಡು ಸೋಪಿನ ನೀರಿನಿಂದ ಉಜ್ಜಿ, ಕಿಟಕಿ ತೆರೆದು ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಆಚೆಯ ಬಚ್ಚಲುಮನೆಯಿಂದಲೂ ನೀರು ಸೋರುತ್ತಿರಬಹುದಾದ್ದರಿಂದ ಒಂದು ವಾರ ಯಂತ್ರ ನಿಲ್ಲಿಸಿ ನೋಡಿ, ತಾಯಿಯವರನ್ನು ಅಷ್ಟು ದಿನ ಬೇರೆ ಕೋಣೆಯಲ್ಲಿ ಮಲಗಿಸಿ. ಆಗಲೂ ಆ ಮೂಲೆ ಕೈಗೆ ತಣ್ಣಗೆ, ಒದ್ದೆಯಾಗಿಯೇ ತಾಗಿದರೆ ಪೇಂಟರ್‌ಗಿಂತ ಮೊದಲು ಪ್ಲಂಬರ್‌ನನ್ನು ಕರೆಸಿ.