ಟೊಮೆಟೊ ಸಾಗಿಸಲು ಹಳೆಯ ಸಣ್ಣ ಗಾಡಿ ಕೊಳ್ಳಬೇಕು, ಅನುಭವ ಇದ್ದವರು ತಿಳಿಸಿ

ಶ್ರೀನಿವಾಸಪುರದ ರೈತ:
ಎಲ್ಲರಿಗೂ ನಮಸ್ಕಾರ. ಎರಡು ಎಕರೆಯಲ್ಲಿ ಟೊಮೆಟೊ ಬೆಳೆಯುತ್ತೇನೆ. ಕೋಲಾರದ ಎಪಿಎಂಸಿಗೆ ನಮ್ಮ ಊರಿನಿಂದ 28 ಕಿ.ಮೀ. ಇದೆ. ಒಂದು ಸಲಕ್ಕೆ 15 ಕೆ.ಜಿ.ಯ 60 ಬಾಕ್ಸ್ ಹೋಗುತ್ತದೆ. ಬೆಲೆ ಬಿದ್ದ ದಿನ ಬಾಡಿಗೆ ಗಾಡಿಯವರಿಗೆ ಕೊಟ್ಟು ಉಳಿಯುವುದು ಕೂಲಿಗೂ ಸಾಲುವುದಿಲ್ಲ. ಎರಡೂವರೆ ಲಕ್ಷದೊಳಗೆ, ಮೈಲೇಜು ಚೆನ್ನಾಗಿ ಕೊಡುವ ಹಳೆಯ ಗಾಡಿ ಬೇಕು. ಡೀಸೆಲ್ ತೆಗೆದುಕೊಳ್ಳಲೇ, ಪೆಟ್ರೋಲ್ ತೆಗೆದುಕೊಳ್ಳಲೇ?

ಶಿರಸಿಯಿಂದ:
ನಾನು 2021ರಲ್ಲಿ 2013ರ ಮಾಡೆಲ್ಲಿನ ಎರಡು ಸಿಲಿಂಡರ್ ಡೀಸೆಲ್ ಗಾಡಿಯನ್ನು 1,85,000 ರೂಪಾಯಿಗೆ ತಂದೆ. ಕಂಪನಿಯ ಹೆಸರು ಬೇಡ, ಏಕೆಂದರೆ ತಪ್ಪು ಗಾಡಿಯದ್ದಲ್ಲ, ಅದನ್ನು ನನಗೆ ಮಾರಿದ ಬ್ರೋಕರನದು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವನು ಇಂಜಿನ್ ಶುರುಮಾಡಿ ಬಿಸಿ ಮಾಡಿಟ್ಟಿದ್ದ. ಅದು ದೋಷ ಮುಚ್ಚಿಡುವ ಉಪಾಯ ಎಂದು ನನಗೆ ಆಗ ತಿಳಿಯಲಿಲ್ಲ. ಮೂರನೆಯ ವಾರ ಬಾಳೆಗೊನೆ ತುಂಬಿಕೊಂಡು ಕುಮಟೆಗೆ ಹೋಗಿ, ಗೊಬ್ಬರದ ಚೀಲ ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಬಿಸಿಯ ಮುಳ್ಳು ಕೆಂಪಿಗೆ ಹೋಯಿತು. ರೇಡಿಯೇಟರಿನ ನೀರೆಲ್ಲ ಸೈಲೆನ್ಸರಿನಲ್ಲಿ ಬಿಳಿ ಹೊಗೆಯಾಗಿ ಹೊರಟಿತು. ರಾತ್ರಿ ಎಂಟೂವರೆಯಿಂದ ಬೆಳಗಿನ ಐದರವರೆಗೆ ತಿರುವಿನಲ್ಲಿ ಕಲ್ಲು ಕೊಟ್ಟು ಕುಳಿತಿದ್ದೆ.

ಹೆಡ್ ಫೇಸಿಂಗ್, ಗ್ಯಾಸ್ಕೆಟ್, ಪಿಸ್ಟನ್, ರಿಂಗ್ಸ್, ಬೋರಿಂಗ್, ಕೂಲಿ ಸೇರಿ 38,400 ರೂಪಾಯಿ. ಎರಡು ತಿಂಗಳ ಮೇಲೆ ಕ್ಲಚ್ ಪ್ಲೇಟಿಗೆ 9,200. ಹಿಂದಿನ ಚಕ್ರದ ಸ್ಪ್ರಿಂಗ್ ಪ್ಲೇಟು ಕಟ್ಟಾಗಿ, ಬುಷ್ ಸಮೇತ ಬದಲಿಸಲು 6,700. ರೇಡಿಯೇಟರಿಗೂ ಮುಂದಿನ ಎರಡು ಟೈರುಗಳಿಗೂ 14,500. ಒಟ್ಟು 2,53,800 ರೂಪಾಯಿ ಆಯಿತು. ಆದರೂ ಹೇಳುತ್ತೇನೆ, ಇಂಜಿನ್ ಕೆಲಸವಾದ ಮೇಲೆ ನಾಲ್ಕು ವರ್ಷ ಅದು ನನ್ನನ್ನು ದಾರಿಯಲ್ಲಿ ನಿಲ್ಲಿಸಿಲ್ಲ, ಲೋಡಿನಲ್ಲೂ ಲೀಟರಿಗೆ 17 ಕೊಡುತ್ತದೆ. ಡೀಸೆಲ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ.

ಹುಬ್ಬಳ್ಳಿಯಿಂದ:
ಮೇಲಿನವರ ಲೆಕ್ಕವನ್ನು ಅವರೇ ಮತ್ತೊಮ್ಮೆ ಓದಬೇಕು. 1,85,000ದ ಗಾಡಿಗೆ 68,800 ರೂಪಾಯಿ ಸುರಿದು, ಅದನ್ನೇ ಕೊಳ್ಳಿ ಎಂದು ಇನ್ನೊಬ್ಬರಿಗೆ ಹೇಳುವುದು ನ್ಯಾಯವಲ್ಲ.

ನಾನು 2023ರಲ್ಲಿ 2020ರ ಬಿಎಸ್-6 ಪೆಟ್ರೋಲ್ ಮಾರುತಿ ಸೂಪರ್ ಕ್ಯಾರಿಯನ್ನು 3,60,000ಕ್ಕೆ ಕೊಂಡೆ. ನಾಲ್ಕು ಸಿಲಿಂಡರ್, 1.2 ಲೀಟರ್ ಇಂಜಿನ್. ಕಾರಿನ ಕೆಲಸ ಬಲ್ಲ ಯಾವ ಮೆಕ್ಯಾನಿಕ್ ಕೂಡ ಮುಟ್ಟುತ್ತಾನೆ. ಹಾರ್ಡ್‌ವೇರ್ ಅಂಗಡಿಯ ಮಾಲನ್ನು ನವಲಗುಂದ, ಕಲಘಟಗಿಗೆ ಹಾಕುತ್ತೇನೆ. ಎರಡು ವರ್ಷದಲ್ಲಿ ಆಯಿಲ್, ಫಿಲ್ಟರ್, ಒಂದು ಬ್ಯಾಟರಿ, ಒಂದು ಸೆಟ್ ಬ್ರೇಕ್ ಲೈನರ್ ಬಿಟ್ಟರೆ ಖರ್ಚಿಲ್ಲ. ಮೈಲೇಜು 13 ಎಂಬುದು ನಿಜ. ಹೋಗಿಬರಲು 56 ಕಿ.ಮೀ. ಎಂದರೆ ಡೀಸೆಲ್ ಗಾಡಿಗೆ 3.3 ಲೀಟರ್, ನನ್ನದಕ್ಕೆ 4.3 ಲೀಟರ್. ಡೀಸೆಲ್ 90, ಪೆಟ್ರೋಲ್ 103 ಎಂದು ಹಿಡಿದರೂ ಒಂದು ಟ್ರಿಪ್ಪಿಗೆ ವ್ಯತ್ಯಾಸ ಸುಮಾರು 146 ರೂಪಾಯಿ, ನೂರು ಟ್ರಿಪ್ಪಿಗೆ 14,600. ಅವರ ಒಂದು ಇಂಜಿನ್ ಕೆಲಸದ 38,400 ರೂಪಾಯಿ ಸುಮಾರು 260 ಟ್ರಿಪ್ಪಿನ ಈ ವ್ಯತ್ಯಾಸಕ್ಕೆ ಸಮ. ಸಿಎನ್‌ಜಿಯದ್ದನ್ನು ನಾನು ಬೇಕೆಂದೇ ಬಿಟ್ಟೆ. ಸಿಲಿಂಡರಿನ ಭಾರದಿಂದ ಅದರ ಹೊರುವ ಮಿತಿ 625 ಕೆ.ಜಿ.ಗೆ ಇಳಿಯುತ್ತದೆ, ಪೆಟ್ರೋಲಿನದ್ದಕ್ಕೆ 740 ಕೆ.ಜಿ. ಇದೆ.

ಶಿರಸಿಯಿಂದ:
ಕಲಘಟಗಿಯ ರಸ್ತೆಯಲ್ಲಿ ಓಡಿಸಿ ಘಟ್ಟದ ಗಾಡಿಗೆ ತೀರ್ಪು ಕೊಡಬೇಡಿ. ಎರಡನೆಯ ಗೇರಿನಲ್ಲಿ ಮುಕ್ಕಾಲು ಗಂಟೆ ಹತ್ತಿದಾಗ ನಿಮ್ಮ 13 ಎಷ್ಟಾಗುತ್ತದೆ ಎಂದು ಬಂದು ನೋಡಿ. 3,60,000 ಕೊಟ್ಟು ಖರ್ಚಿಲ್ಲ ಎನ್ನುತ್ತೀರಿ, ಆದರೆ ಅವರು ಕೇಳಿರುವುದು ಎರಡೂವರೆ ಲಕ್ಷದೊಳಗಿನದು. ಮಿಕ್ಕ 1,10,000ವನ್ನು ಯಾರು ಕೊಡುತ್ತಾರೆ?

ಬೆಂಗಳೂರು, ಪೀಣ್ಯದಿಂದ:
ನೀವಿಬ್ಬರೂ ಇಂಜಿನ್ ಹಿಡಿದು ಜಗಳವಾಡುತ್ತಿದ್ದೀರಿ. ನನ್ನನ್ನು ಮುಳುಗಿಸಿದ್ದು ಕಾಗದ. ಹನ್ನೆರಡು ವರ್ಷದಿಂದ ಬಾಡಿಗೆ ಹೊಡೆಯುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

2019ರಲ್ಲಿ ನನ್ನ ಮೊದಲ ಗಾಡಿಯನ್ನು ಪರಿಚಯದವರೊಬ್ಬರಿಗೆ ಮಾರಿದೆ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ತಾರೀಖು ಹಾಕದೆ ಸಹಿ ಮಾಡಿ, ಆರ್‌ಸಿ ಕೈಗಿತ್ತು, ದುಡ್ಡು ಎಣಿಸಿಕೊಂಡು ಬಂದೆ. ಅವರು ಹೆಸರು ಬದಲಿಸಿಕೊಳ್ಳಲೇ ಇಲ್ಲ, ಇನ್ಶೂರೆನ್ಸ್ ಕೂಡ ಕಟ್ಟಲಿಲ್ಲ. ಎರಡು ವರ್ಷದ ಮೇಲೆ ಆ ಗಾಡಿ ಒಬ್ಬ ಬೈಕ್ ಸವಾರನಿಗೆ ಗುದ್ದಿತು, ಕೋರ್ಟಿನ ನೋಟಿಸು ನನ್ನ ಮನೆಗೆ ಬಂತು. ಮಾರಿದ್ದೇನೆ ಎಂದರೆ ವಕೀಲರು ಒಪ್ಪಲಿಲ್ಲ, ಸುಪ್ರೀಂ ಕೋರ್ಟೇ 2018ರಲ್ಲಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಹೇಳಿದೆ ಎಂದು ತೋರಿಸಿದರು. ವಕೀಲರಿಗೆ ಇದುವರೆಗೆ 45,000 ಕೊಟ್ಟಿದ್ದೇನೆ, ಕೇಸು ಇನ್ನೂ ನಡೆಯುತ್ತಿದೆ. ಆ ಸವಾರನಿಗೆ ಈಗಲೂ ಕಾಲು ಮಡಿಸಲು ಬರುವುದಿಲ್ಲ. ಅವರ ಹೆಂಡತಿ ಕೋರ್ಟಿನ ಮೆಟ್ಟಿಲ ಬಳಿ ನನ್ನನ್ನು ನೋಡಿದಾಗ ತಲೆ ಎತ್ತಲು ಆಗುವುದಿಲ್ಲ.

2022ರಲ್ಲಿ ಮತ್ತೊಂದನ್ನು ಕೊಂಡಾಗ ಇನ್ನೊಂದು ಏಟು ಬಿತ್ತು. ಸಾಲ ತೀರಿದೆ ಎಂದರು, ಆದರೆ ಆರ್‌ಸಿಯಲ್ಲಿ ಎಚ್‌ಪಿ (ಸಾಲದ ನಮೂದು) ಹಾಗೆಯೇ ಇತ್ತು. ಎನ್‌ಒಸಿಯನ್ನೂ ಆ ನಮೂದು ತೆಗೆಸುವ ಫಾರಂ 35ನ್ನೂ ಸಾಲ ಕೊಟ್ಟವರಿಂದ ಬಿಡಿಸಿಕೊಳ್ಳಲು ಐದು ತಿಂಗಳು ಅಲೆದೆ. ಮೇಲೆ 41 ಇ-ಚಲನ್ ಬಾಕಿ. ಮುಂಗಡ ಕೊಡುವ ಮೊದಲೇ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ), ಇನ್ಶೂರೆನ್ಸ್, ಟ್ಯಾಕ್ಸ್, ಎಚ್‌ಪಿ, ಚಲನ್ ಎಲ್ಲವನ್ನೂ ನೋಡಿ. ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ.

ದಾವಣಗೆರೆಯಿಂದ:
ಶ್ರೀನಿವಾಸಪುರದವರಿಗೆ ಬ್ಯಾಡ್ಜ್ (ಸಾರಿಗೆ ಗಾಡಿ ಓಡಿಸುವ ಅನುಮತಿ) ಇದೆಯೇ ಎಂದು ಯಾರೂ ಕೇಳಲಿಲ್ಲ. ಹಳದಿ ಬೋರ್ಡಿನ ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲಿ ಓಡಿಸಿದರೆ ಇನ್ಶೂರೆನ್ಸಿನವರು ಒಂದು ಪೈಸೆಯನ್ನೂ ಕೊಡುವುದಿಲ್ಲ. ನನ್ನ ಭಾವಮೈದುನನ ಕ್ಲೇಮನ್ನು ಹಾಗೆಯೇ ತಿರಸ್ಕರಿಸಿದರು.

ಬೆಂಗಳೂರು, ಪೀಣ್ಯದಿಂದ:
ಅದು ಹಳೆಯ ಮಾತು. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನಕ್ಕೆ ಎಲ್‌ಎಂವಿ (ಕಾರಿನ) ಲೈಸೆನ್ಸೇ ಸಾಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2024ರ ನವೆಂಬರಿನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ತಿಳಿಯದ ವಿಷಯವನ್ನು ಹೇಳಿ ಹೊಸಬರನ್ನು ಹೆದರಿಸಬೇಡಿ.

ದಾವಣಗೆರೆಯಿಂದ:
ನಾನು ಹೆದರಿಸಲು ಬರೆದದ್ದಲ್ಲ. ಕ್ಲೇಮ್ ತಿರಸ್ಕಾರವಾದಾಗ ನನ್ನ ತಂಗಿಯ ಬಳೆ ಅಡ ಇಟ್ಟು ಗಾಡಿ ರಿಪೇರಿ ಮಾಡಿಸಿದೆವು, ಅದನ್ನು ಬಿಡಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ತೀರ್ಪಿನ ಮಾತು ನಿಮಗೆ ಸುಲಭ, ಆ ಬಳೆಯ ಬಡ್ಡಿ ಕಟ್ಟಿದವನು ನಾನು.

ಮಾಲೂರಿನಿಂದ:
ಇಷ್ಟು ಹೊತ್ತು ಓದಿದೆ, ಒಬ್ಬರೂ ಬಾಕ್ಸಿನ ಲೆಕ್ಕ ಹಾಕಲಿಲ್ಲ. ಖಾಲಿ ಬಾಕ್ಸೇ ಒಂದೂವರೆ ಕೆ.ಜಿ. ತೂಗುತ್ತದೆ. 60 ಬಾಕ್ಸ್ ಎಂದರೆ 990 ಕೆ.ಜಿ. 2005ರಲ್ಲಿ ಟಾಟಾ ಏಸ್ ಬಂದಾಗಿನಿಂದ ನಮ್ಮ ಭಾಗದಲ್ಲಿ ಎಲ್ಲರೂ ಅದಕ್ಕೆ ಒಂದು ಟನ್ ಹೇರಿಯೇ ಅಭ್ಯಾಸ, ಆದರೆ ಅದು ಮುಕ್ಕಾಲು ಟನ್ನಿನ ಗಾಡಿ. ಶಿರಸಿಯ ಅಣ್ಣನವರ ಪ್ಲೇಟು ಕಟ್ಟಾದದ್ದಕ್ಕೆ ಬ್ರೋಕರ್ ಒಬ್ಬನೇ ಕಾರಣನಲ್ಲ.

ನಮ್ಮ ಯಜಮಾನರು ಹೋದ ಮೇಲೆ ಮಂಡಿಯ ವ್ಯವಹಾರ ನಾನೇ ನೋಡುತ್ತಿದ್ದೇನೆ. ಮೊದಲು ನಮ್ಮಲ್ಲೂ ಸಣ್ಣ ಗಾಡಿಯೇ ಇತ್ತು. 70 ಬಾಕ್ಸ್ ಹೇರಿ ಹೋಗುವಾಗ ಒಂದು ಸಲ ಹಿಡಿದರು. ಹೆಚ್ಚು ಭಾರಕ್ಕೆ ಕಾನೂನಿನಲ್ಲಿ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಬಾಕ್ಸಿಗೆ 90 ರೂಪಾಯಿ ಸಿಕ್ಕ ದಿನ ಅದು. 70 ಬಾಕ್ಸಿಗೆ ಬಂದದ್ದು 6,300. ಆ ರಾತ್ರಿ ಮಗನಿಗೂ ನನಗೂ ಊಟ ಸೇರಲಿಲ್ಲ. ಮರುವರ್ಷ 2014ರ ಅಶೋಕ್ ಲೇಲ್ಯಾಂಡ್ ದೋಸ್ತ್ ಒಂದನ್ನು 2,70,000ಕ್ಕೆ ಕೊಂಡೆವು. ಮೂರು ಸಿಲಿಂಡರ್, ಒಂದೂಕಾಲು ಟನ್ ಹೊರುತ್ತದೆ. ಲೋಡಿನಲ್ಲಿ ಮೈಲೇಜು 14 ಬರುತ್ತದೆ, 17 ಅಲ್ಲ. ಎಂಟು ವರ್ಷ ದಾಟಿದ ಗಾಡಿಯಾದ್ದರಿಂದ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು, ಅದಕ್ಕೆ ಬಣ್ಣ, ರಿಫ್ಲೆಕ್ಟರ್, ಬ್ರೇಕ್ ಕೆಲಸ ಎಂದು ಕೈಯಿಂದ ಏಳೆಂಟು ಸಾವಿರ ಹೋಗುತ್ತದೆ.

ಹುಬ್ಬಳ್ಳಿಯಿಂದ:
ಅಕ್ಕನವರ ಲೆಕ್ಕ ಸರಿ. ನನ್ನ ಗಾಡಿಯ ಮಿತಿಯಲ್ಲಿ 44 ಬಾಕ್ಸಿಗಿಂತ ಹೆಚ್ಚು ಹೇರುವಂತಿಲ್ಲ. ಆದರೆ ಎರಡು ಟ್ರಿಪ್ ಹೊಡೆದರೂ ಪೆಟ್ರೋಲೇ ಲೇಸು ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಶಿರಸಿಯಿಂದ:
ಅಕ್ಕಾ, ನೀವು ಹೇಳಿದ ಮೇಲೆ ನನ್ನ ಹಳೆಯ ಚೀಟಿ ತೆಗೆದು ನೋಡಿದೆ. ಆ ದಿನ ಘಟ್ಟ ಹತ್ತುವಾಗ ಗಾಡಿಯಲ್ಲಿದ್ದದ್ದು 50 ಕೆ.ಜಿ.ಯ 21 ಚೀಲ. ಒಪ್ಪುತ್ತೇನೆ.

ಶ್ರೀನಿವಾಸಪುರದವರೇ, ಯಾವುದನ್ನೇ ನೋಡಲು ಹೋದರೂ ತಿಳಿಸದೆ ಬೆಳಿಗ್ಗೆ ಆರಕ್ಕೆ ಹೋಗಿ, ಸೀಟಿನಡಿಯ ಇಂಜಿನ್ನಿನ ಮೇಲೆ ಅಂಗೈ ಇಟ್ಟು ತಣ್ಣಗಿದೆಯೇ ನೋಡಿ. ಆಮೇಲೆ ನೀವೇ ಶುರುಮಾಡಿ, ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು ಪಕ್ಕದಲ್ಲಿ ನಿಲ್ಲಿ. ಅಲ್ಲಿಂದ ಹೊಗೆ ಬುಸುಬುಸು ಎಂದು ತಳ್ಳಿಕೊಂಡು ಬಂದರೆ ರಿಂಗ್ಸ್ ಸವೆದಿವೆ. ಮುಚ್ಚಳದ ಒಳಗೆ ಮಜ್ಜಿಗೆಯಂತೆ ಬೆಳ್ಳಗೆ ಅಂಟಿದ್ದರೆ ಆಯಿಲಿಗೆ ನೀರು ಸೇರಿರಬಹುದು. ನನ್ನ ಗಾಡಿಯ ಮುಚ್ಚಳದಲ್ಲಿ ಎರಡೂ ಇದ್ದವು, ನಾನು ತೆಗೆದು ನೋಡಿರಲಿಲ್ಲ.