‘ಬಗ್ಗಡ’ ಎಂಬ ಮಾತು ಸದ್ದಿಗೂ ಒಪ್ಪುತ್ತದೆಯೇ?

ಮಿತ್ರರಿಗೆ ನಮಸ್ಕಾರ. ಕದಡಿದ ನೀರಿಗೆ ಹೇಳುವ ‘ಬಗ್ಗಡ’ವನ್ನು ಕಲಸಿಹೋದ ಸದ್ದಿಗೂ ಬಳಸಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ಮನೆಯ ಮಹಡಿಯ ಕೋಣೆಯೊಂದರಲ್ಲಿ ಧ್ವನಿಮುದ್ರಣ ಮಾಡುತ್ತೇನೆ. ಸುತ್ತಲಿನ ಊರುಗಳ ಹುಡುಗರು ಸೋಬಾನೆ ಪದ, ಮಾದೇಶ್ವರನ ಪದಗಳಿಗೆ ಡ್ರಮ್ ಕೂಡಿಸಿಕೊಂಡು ಹಾಡಲು ಬರುತ್ತಾರೆ. ಕಿಕ್ ಡ್ರಮ್ಮಿನ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಸದ್ದನ್ನು ಪ್ಲಗಿನ್‌ಗಳಿಂದ, ಅಂದರೆ ಕಂಪ್ಯೂಟರಿನಲ್ಲಿ ಸದ್ದು ತಿದ್ದುವ ಸಣ್ಣ ತಂತ್ರಾಂಶಗಳಿಂದ, ತಿದ್ದುವುದು ಹೇಗೆಂದು ಅವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಂಪ್ರೆಸರ್ (ಜೋರು ಸದ್ದನ್ನು ಹಿಡಿದು ಅದುಮುವುದು), ಈಕ್ವಲೈಜರ್ (ತಗ್ಗು, ಎತ್ತರದ ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವುದು), ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) ಇವೆಲ್ಲ ಹಾಗೆಯೇ ಇರಲಿ, ಕನ್ನಡಿಸುವ ಹಟ ನನಗಿಲ್ಲ. ತೊಡಕಿರುವುದು ಕಿವಿಗೆ ಬಿದ್ದದ್ದನ್ನು ಹೇಳುವ ಮಾತುಗಳಲ್ಲಿ. ‘ಪಂಚ್ ಬೇಕು’ ಎಂದು ಒಬ್ಬ ಕೇಳಿದರೆ ಅವನಿಗೆ ಬೇಕಾದದ್ದು ಚುರುಕಾದ ಏಟು. ಅದೇ ಮಾತನ್ನು ಇನ್ನೊಬ್ಬ ಆಡಿದರೆ ಅವನಿಗೆ ಬೇಕಾದದ್ದು ಎದೆ ನಡುಗಿಸುವ ಭಾರ. ಎರಡಕ್ಕೂ ತಿರುಗಿಸಬೇಕಾದ ಗುಂಡಿಗಳೇ ಬೇರೆ.

ಈ ಗಂಟನ್ನು ಬಿಡಿಸಿದವರು ಮದ್ದೂರಿನ ಕಡೆಯ ಒಬ್ಬ ಹಿರಿಯ ತಮಟೆ ಕಲಾವಿದರು. ನಾನು ತಿದ್ದಿದ ಕಿಕ್ ಸದ್ದನ್ನು ಕೇಳಿ ಅವರು ಅಂದದ್ದು ಇಷ್ಟೇ: “ಪೆಟ್ಟು ಇದೆ, ಮೊಳಗು ಇಲ್ಲ.” ಕಂಪ್ಯೂಟರಿನ ಪರದೆಯ ಮೇಲಿನ ಅಲೆಯನ್ನು ನೋಡಿದರೆ ಅವರ ಮಾತು ಅಕ್ಷರಶಃ ಸರಿ. ಕಿಕ್ ಸದ್ದಿನ ಮೊದಲ ಕೆಲವು ಮಿಲಿಸೆಕೆಂಡುಗಳಲ್ಲಿ ಬಡಿಗೆ ತೊಗಲಿಗೆ ತಾಗುವ ‘ಟಕ್’ ಇರುತ್ತದೆ. ಅದು ಎದ್ದು ಕೇಳುವುದು ಸುಮಾರು 2,000ದಿಂದ 5,000 ಹರ್ಟ್ಸ್‌ನಲ್ಲಿ. ಅದು ಪೆಟ್ಟು. ಅದರ ಬೆನ್ನಿಗೇ ಬಂದು ನಿಧಾನವಾಗಿ ಆರುವ, 50ರಿಂದ 80 ಹರ್ಟ್ಸ್‌ನ ಆಸುಪಾಸಿನ ತುಂಬು ಸದ್ದು ಮೊಳಗು. ನಗಾರಿ ಮೊಳಗಿತು ಎನ್ನುತ್ತೇವೆ, ಗುಡುಗು ಮೊಳಗಿತು ಎನ್ನುತ್ತೇವೆ. ತಾಳ ಮೊಳಗಿತು ಎನ್ನುವುದಿಲ್ಲ. ಆ ಪದದೊಳಗೇ ತಗ್ಗು ದನಿಯೂ ಇದೆ, ಹೊತ್ತು ನಿಲ್ಲುವ ಗುಣವೂ ಇದೆ.

ಈ ಜೋಡಿ ಸಿಕ್ಕಿದ ಮೇಲೆ ಕಂಪ್ರೆಸರ್ ಬಗ್ಗೆ ಬರೆಯುವುದು ಎಷ್ಟು ಹಗುರವಾಯಿತೆಂದರೆ, ಒಂದೂವರೆ ಪುಟ ಎರಡು ವಾಕ್ಯಕ್ಕೆ ಇಳಿಯಿತು. ಕಂಪ್ರೆಸರ್ ಹಿಡಿತ ಬಿಗಿಮಾಡುವ ಮುನ್ನ 30 ಮಿಲಿಸೆಕೆಂಡು ಬಿಟ್ಟರೆ ಪೆಟ್ಟು ನುಸುಳಿ ಹೋಗುತ್ತದೆ, ಮೊಳಗು ಮಾತ್ರ ಹಿಡಿತಕ್ಕೆ ಸಿಗುತ್ತದೆ. ಒಂದೇ ಮಿಲಿಸೆಕೆಂಡಿಗೆ ಇಳಿಸಿದರೆ ಪೆಟ್ಟೇ ಚಪ್ಪಟೆಯಾಗುತ್ತದೆ. ಪೆಟ್ಟು, ಮೊಳಗು ಎರಡೂ ಹದವಾಗಿ ಕೂಡಿ ಎದೆಗೆ ತಾಗಿದಾಗ ಅದನ್ನು ‘ಗುದ್ದು’ ಎನ್ನಬಹುದೆಂದು ನನ್ನ ಎಣಿಕೆ. ಪೆಟ್ಟು ಕಿವಿಗೆ, ಗುದ್ದು ಮೈಗೆ.

ತಗ್ಗಿನ ಸದ್ದಿಗೆ ‘ಮಂದ್ರ’ ಸಾಕಲ್ಲವೇ ಎಂದು ಮೈಸೂರಿನಲ್ಲಿ ಸಂಗೀತ ಕಲಿಸುವ ಗೆಳತಿಯೊಬ್ಬರು ಕೇಳಿದರು. ಪದ ಚೆಂದವಾಗಿದೆ, ಆದರೆ ಅದು ಹಾಡುಗಾರರ ಆಧಾರ ಷಡ್ಜದಿಂದ (ಅವರ ‘ಸ’ದಿಂದ) ಅಳೆಯುವ ಸ್ಥಾಯಿ. ಸಿ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಷಡ್ಜ 65ರ ಹತ್ತಿರ. 50 ಹರ್ಟ್ಸ್‌ನ ಕಿಕ್ ಅದಕ್ಕೂ ಕೆಳಗೆ ಬೀಳುತ್ತದೆ. ಶ್ರುತಿ ಬದಲಾದರೆ ಮಂದ್ರವೂ ಬದಲಾಗುತ್ತದೆ. ನನ್ನ ‘ತಗ್ಗು’ ಬದಲಾಗಬಾರದು. ಹಾಗಾಗಿ ಅದನ್ನು ಕೈಬಿಟ್ಟೆ.

ಈಗ ಮುಖ್ಯ ಪ್ರಶ್ನೆ. 200ರಿಂದ 400 ಹರ್ಟ್ಸ್ ನಡುವೆ ಕಿಕ್, ಬೇಸ್ ಗಿಟಾರ್, ತಮಟೆಯ ಒಡಲು, ಗಂಡು ದನಿ ಎಲ್ಲವೂ ಒಂದರ ಮೇಲೊಂದು ಬಿದ್ದಾಗ ಯಾವುದೂ ಬಿಡಿಯಾಗಿ ಕೇಳುವುದಿಲ್ಲ. ಇಂಗ್ಲಿಷಿನವರು ಇದನ್ನು ‘ಮಡ್ಡಿ’ ಎನ್ನುತ್ತಾರೆ, ಹುಡುಗರೂ ಹಾಗೆಯೇ ಎನ್ನುತ್ತಾರೆ. ಹಿರಿಯರ ಕಿವಿಗೆ ಅದು ಎಣ್ಣೆಯ ತಳದಲ್ಲಿ ಉಳಿಯುವ ನಮ್ಮದೇ ‘ಮಡ್ಡಿ’ಯಾಗಿ ಕೇಳುತ್ತದೆ. ಹೋಲಿಕೆ ಆಕಸ್ಮಿಕ. ಅರ್ಥ ಹತ್ತಿರ ಬಂದರೂ ಕೂಡುವುದಿಲ್ಲ, ಏಕೆಂದರೆ ಮಡ್ಡಿ ಅಡಿಗೆ ಇಳಿದ ಮೇಲೆ ಎಣ್ಣೆ ತಿಳಿಯಾಗಿರುತ್ತದೆ. ನನಗೆ ಬೇಕಾದದ್ದು ಕದಡಿದ ಸ್ಥಿತಿಯ ಹೆಸರು. ನಾಲೆಗೆ ಹೊಸ ನೀರು ಬಿಟ್ಟ ದಿನ ನಮ್ಮ ಕಡೆ ‘ನೀರು ಬಗ್ಗಡವಾಗಿದೆ’ ಎನ್ನುತ್ತಾರೆ. ತಳದ ಮಣ್ಣು ಮೇಲೆದ್ದು, ಕೈ ಅದ್ದಿದರೆ ಬೆರಳು ಕಾಣದ ನೀರು. ಸದ್ದಿಗೂ ಆಗುವುದು ಇದೇ. ಇದರ ಎದುರು ಪದ ‘ತಿಳಿ’ ಕೂಡ ತಾನಾಗಿ ಜೊತೆಗೆ ಬರುತ್ತದೆ.

ಪಲ್ಟೆಕ್ ಎಂಬ ಹಳೆಯ ವಾಲ್ವ್ ಈಕ್ವಲೈಜರಿನ ಮಾದರಿಯ ಪ್ಲಗಿನ್‌ಗಳಲ್ಲಿ 60 ಹರ್ಟ್ಸ್ ಆರಿಸಿ, ಏರಿಸುವ ಮತ್ತು ಇಳಿಸುವ ಎರಡೂ ಗುಂಡಿಗಳನ್ನು ಒಟ್ಟಿಗೆ ತಿರುಗಿಸುವ ರೂಢಿ ಇದೆ. ಒಂದು ಇನ್ನೊಂದನ್ನು ಅಳಿಸಿಬಿಡಬೇಕಲ್ಲ ಎನಿಸುತ್ತದೆ. ಆದರೆ ಎರಡರ ಬಾಗು ಬೇರೆ ಬೇರೆಯಾಗಿರುವುದರಿಂದ ತಗ್ಗು ದನಿಯಲ್ಲಿ ಉಬ್ಬು ಉಳಿದು, ಅದಕ್ಕೂ ಮೇಲಿನ ಹರ್ಟ್ಸ್‌ಗಳಲ್ಲಿ ಒಂದು ಕುಳಿ ಬೀಳುತ್ತದೆ. ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: ‘ಮೊಳಗು ಉಳಿಯುತ್ತದೆ, ಬಗ್ಗಡ ತಿಳಿಯಾಗುತ್ತದೆ.’ ಬರೆದ ದಿನ ಬಹಳ ಸಂತೋಷವಾಯಿತು.

ಇನ್ನೊಂದಕ್ಕೆ ಪದವೇ ಸಿಕ್ಕಿಲ್ಲ. ಮೊಬೈಲಿನ ಪುಟ್ಟ ಸ್ಪೀಕರಿನಿಂದ 50 ಹರ್ಟ್ಸ್ ಹೊರಡುವುದೇ ಇಲ್ಲ. ಆದರೆ ಸ್ಯಾಚುರೇಶನ್ (ಸದ್ದನ್ನು ತುಸು ಒಡೆಯುವ) ಪ್ಲಗಿನ್‌ನಿಂದ ಅದರ ಮಡಿಗಳಾದ 100, 150, 200 ಹಾಗೂ ಅದಕ್ಕೂ ಮೇಲಿನವನ್ನು ಹುಟ್ಟಿಸಿದರೆ, ಅವುಗಳಲ್ಲಿ ಸ್ಪೀಕರಿನಿಂದ ಹೊರಬಂದಷ್ಟನ್ನು ಕೇಳಿಯೇ ಮಿದುಳು ಇಲ್ಲದ 50ನ್ನು ಇದೆಯೆಂದು ತುಂಬಿಕೊಳ್ಳುತ್ತದೆ. ಇದನ್ನು ‘ನೆರಳುದನಿ’ ಎನ್ನಲೇ? ನೆರಳಿಗೆ ಎದುರಿಗೊಂದು ವಸ್ತು ಇರಬೇಕು, ಇಲ್ಲಿ ವಸ್ತುವೇ ಇಲ್ಲ. ಅದರಿಂದ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ.

ಧಾರವಾಡದ ಕಡೆಯವರಿಗೆ, ಕರಾವಳಿಯವರಿಗೆ ‘ಬಗ್ಗಡ’ ಬಳಕೆಯಲ್ಲಿದೆಯೇ? ನಿಮ್ಮಲ್ಲಿ ‘ರಾಡಿ’ಯೇ ಹೆಚ್ಚು ಸಹಜವೇ? ರಾಡಿ ಎಂದರೆ ನನಗೆ ಕಾಲಿಗೆ ಮೆತ್ತುವ ಕೆಸರು ಕಣ್ಣಿಗೆ ಬರುತ್ತದೆ, ಕದಡಿದ ನೀರಲ್ಲ. ನಿಮ್ಮ ಕಿವಿ ಏನು ಹೇಳುತ್ತದೆ, ದಯವಿಟ್ಟು ತಿಳಿಸಿ.